ಮಳೆ ಅಳೆಯುತ್ತ ಕಲಿತದ್ದು

ಧಾರವಾಡ ಜಿಲ್ಲೆಯಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹೋದಂತೆ ಮಳೆ ಕಡಿಮೆಯಾಗುತ್ತ ಹೋಗುತ್ತದೆ. ಅಳ್ನಾವರ, ಕಲಘಟಗಿಯ ಕಡೆ ಭತ್ತದ ಗದ್ದೆ, ತೇಗದ ಕಾಡು. ನವಲಗುಂದದ ಕಡೆ ಎರೆ ಭೂಮಿ, ಹೆಸರು, ಕಡಲೆ, ಹಿಂಗಾರಿ ಜೋಳ. ಬಸ್ಸಿನಲ್ಲಿ ಕೆಲವೇ ತಾಸಿನ ದಾರಿ. ಈ ಎರಡೂ ತುದಿಯ ಸರ್ಕಾರಿ ಶಾಲೆಗಳಲ್ಲಿ ಐದರಿಂದ ಏಳನೇ ತರಗತಿಯ ಮಕ್ಕಳಿಗೆ ವಿಜ್ಞಾನ ಹೇಳಿಕೊಟ್ಟಿದ್ದೇನೆ. ಡಿ.ಎಡ್. ಮುಗಿಸಿ ನೌಕರಿಗೆ ಸೇರಿದವಳು ನಾನು, ಹವಾಮಾನಶಾಸ್ತ್ರವನ್ನು ಕ್ರಮವಾಗಿ ಓದಿಲ್ಲ. ಪ್ರಯೋಗಾಲಯ ಇಲ್ಲದ ಶಾಲೆಯಲ್ಲಿ ಮಕ್ಕಳ ಕೈಗೆ ಏನು ಕೊಡಲಿ ಎಂದು ಹುಡುಕುವಾಗ ಸಿಕ್ಕಿದ್ದು ಮಳೆ, ಗಾಳಿ, ಬಿಸಿಲು. ದುಡ್ಡು ಬೇಕಿಲ್ಲ, ಅನುಮತಿ ಬೇಕಿಲ್ಲ, ಪ್ರತಿ ಮಗುವೂ ಶಾಲೆಗೆ ಬರುವ ದಾರಿಯಲ್ಲೇ ಏನಾದರೊಂದು ನೋಡಿಕೊಂಡು ಬಂದಿರುತ್ತದೆ. ಇದನ್ನೇ ಮಾಡಬೇಕೆಂದುಕೊಂಡಿರುವ ಶಿಕ್ಷಕರಿಗೆ ನಾನು ಎಡವಿದ ಜಾಗಗಳು ಮೊದಲೇ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ.

1. ಮೊದಲ ವರ್ಷ ಒಂದೇ ಕಾಲಮ್ಮು ಸಾಕು

ಶುರುವಿನಲ್ಲಿ ನಾನು ಮಾಡಿದ್ದು ದೊಡ್ಡ ತಖ್ತೆ. ಉಷ್ಣಾಂಶ, ಗಾಳಿಯ ದಿಕ್ಕು, ಗಾಳಿಯ ವೇಗ, ಮೋಡ, ತೇವಾಂಶ, ಮಳೆ ಎಲ್ಲಕ್ಕೂ ಒಂದೊಂದು ಕಾಲಮ್ಮು, ದಿನಕ್ಕೆ ಎರಡು ಹೊತ್ತು ಬರೆಯಬೇಕು. ಮೊದಲ ವಾರ ಮಕ್ಕಳು ಓಡಾಡಿ ಬರೆದರು. ಆಮೇಲೆ ಶನಿವಾರ ಕೂತು ಇಡೀ ವಾರದ್ದನ್ನು ಒಂದೇ ಸಲ ತುಂಬತೊಡಗಿದರು. ಸೋಮವಾರದ ಗಾಳಿ ಯಾವ ಕಡೆಯಿಂದ ಬೀಸಿತ್ತೆಂದು ಶನಿವಾರ ಯಾರಿಗೆ ನೆನಪಿರುತ್ತದೆ? ಪಕ್ಕದವರ ವಹಿ ನೋಡಿ ಬರೆದರು. ತಪ್ಪು ಮಕ್ಕಳದ್ದಲ್ಲ. ಅಷ್ಟು ಕೆಲಸ ಹೇರಿದ ನಾನೇ ಅವರಿಗೆ ಸುಳ್ಳು ಬರೆಯುವ ಅಭ್ಯಾಸ ಕಲಿಸಿದ್ದೆ.

ಈಗ ಮೊದಲ ವರ್ಷ ಮಳೆ ಮಾತ್ರ, ಅದೂ ದಿನಕ್ಕೊಮ್ಮೆ, ಬೆಳಿಗ್ಗೆ 8:30ಕ್ಕೆ. ಭಾರತೀಯ ಹವಾಮಾನ ಇಲಾಖೆ ದಿನದ ಮಳೆಯನ್ನು ಲೆಕ್ಕ ಹಾಕುವುದು ಹಿಂದಿನ ದಿನದ 8:30ರಿಂದ ಈ ದಿನದ 8:30ರವರೆಗೆ. ನಮ್ಮ 8:30 ಎಂದರೆ ಗ್ರೀನಿಚ್‌ನಲ್ಲಿ ರಾತ್ರಿ 3 ಗಂಟೆ. ಜಗತ್ತಿನ ಬೇರೆ ಬೇರೆ ಕಡೆ ಹವಾಮಾನ ಕೇಂದ್ರಗಳಲ್ಲಿ ಜನ ಅದೇ ಹೊತ್ತಿಗೆ ಅಳತೆ ನೋಡುತ್ತಿರುತ್ತಾರೆ ಎಂದು ಹೇಳಿದಾಗ ಮಕ್ಕಳ ಮುಖ ನೋಡಬೇಕು. ತಾವೂ ಆ ಸಾಲಿನಲ್ಲಿ ನಿಂತಿದ್ದೇವೆ ಅನ್ನುವುದು ಅವರಿಗೆ ದೊಡ್ಡ ಸಂಗತಿ. ಆದರೆ ಶಾಲೆ ತೆರೆಯುವುದು ಅದಕ್ಕಿಂತ ತಡವಾಗಿ. ಹಾಗಾಗಿ ಶಾಲೆಯ ಹತ್ತಿರ ಮನೆ ಇರುವ ಇಬ್ಬರು ಮಕ್ಕಳಿಗೆ ಪಾಳಿ ಹಚ್ಚುತ್ತೇವೆ. ದಸರಾ ರಜೆಗೆ ಬೇರೆಯೇ ವ್ಯವಸ್ಥೆ ಬೇಕು, ಇದನ್ನು ನಾನು ತಡವಾಗಿ ಅರಿತೆ. ನವಲಗುಂದದ ಕಡೆ ಹಿಂಗಾರಿ ಬಿತ್ತಿಗೆಯ ಭವಿಷ್ಯ ನಿಂತಿರುವುದು ಹಸ್ತಾ, ಚಿತ್ತಾ ಮಳೆಗಳ ಮೇಲೆ. ನಮ್ಮ ವಹಿಯಲ್ಲಿ ಸರಿಯಾಗಿ ಅದೇ ದಿನಗಳು ಖಾಲಿ ಉಳಿದಿದ್ದವು.

2. ಮಳೆಮಾಪಕ ಮಕ್ಕಳೇ ಮಾಡಲಿ, ತಪ್ಪಾಗಿಯೇ ಮಾಡಲಿ

ಮೊದಲ ಮಳೆಮಾಪಕವನ್ನು ನಾನೇ ಮನೆಯಲ್ಲಿ ಮಾಡಿ ತಂದಿದ್ದೆ. ಎರಡು ಲೀಟರಿನ ಪ್ಲಾಸ್ಟಿಕ್ ಬಾಟಲಿಯ ಕುತ್ತಿಗೆ ಕತ್ತರಿಸಿ, ಅದನ್ನೇ ತಲೆಕೆಳಗಾಗಿ ಲಾಳಿಕೆಯಂತೆ ಕೂಡಿಸಿ, ಪಕ್ಕಕ್ಕೆ ಸ್ಕೇಲಿನ ಪಟ್ಟಿ ಅಂಟಿಸಿದ್ದು. ಮಕ್ಕಳು ಓದಿ ಅಂಕಿ ಬರೆದರು. ಯಾರೂ ಏನೂ ಕೇಳಲಿಲ್ಲ. ಎಲ್ಲ ಸುಸೂತ್ರವಾಗಿ ನಡೆದಿದೆ ಎಂದುಕೊಂಡೆ. ಒಬ್ಬರಿಗೂ ಅದು ಏನನ್ನು ಅಳೆಯುತ್ತದೆ ಎನ್ನುವುದು ಗೊತ್ತಿರಲಿಲ್ಲ.

ಮುಂದಿನ ವರ್ಷ ನಿಮಗೆ ಸರಿ ಕಂಡದ್ದನ್ನು ಮಾಡಿಕೊಂಡು ಬನ್ನಿ ಎಂದೆ. ಬಕೆಟ್ಟು, ಸ್ಟೀಲ್ ಡಬ್ಬಿ, ಬೋಗುಣಿ, ಸಣ್ಣ ಬಾಟಲಿಯ ಮೇಲೆ ಎಣ್ಣೆ ಸುರಿಯುವ ದೊಡ್ಡ ಲಾಳಿಕೆ, ಎಲ್ಲವೂ ಬಂದವು. ಅಗಲ ಪಾತ್ರೆಯಲ್ಲಿ ನೀರು ಹೆಚ್ಚು ಆಳ ನಿಲ್ಲುತ್ತದೆ ಎಂದು ಹೆಚ್ಚಿನವರು ವಾದಿಸಿದರು. ಒಂದು ರಾತ್ರಿ ಮಳೆ ಬಿದ್ದ ಮೇಲೆ ಅಳೆದರು. ಗೋಡೆ ನೇರವಾಗಿದ್ದ ಡಬ್ಬಿಗಳಲ್ಲಿ, ಅಗಲ ಇರಲಿ ಕಿರಿದಿರಲಿ, ನೀರಿನ ಆಳ ಹೆಚ್ಚುಕಡಿಮೆ ಒಂದೇ. ಬಾಯಿ ಅಗಲವಾಗಿ ತಳ ಕಿರಿದಾಗಿದ್ದ ಬಕೆಟ್ಟಿನಲ್ಲಿ ಹೆಚ್ಚು. ದೊಡ್ಡ ಲಾಳಿಕೆಯ ಬಾಟಲಿಯಲ್ಲಿ ನಂಬಲಾರದಷ್ಟು ಹೆಚ್ಚು. ಆ ಹುಡುಗನಿಗೆ ಪೆಚ್ಚಾಯಿತು. ಆದರೆ ಆ ದಿನದ ಪಾಠ ನಡೆದದ್ದೇ ಅವನ ಬಾಟಲಿಯಿಂದ. ಲಾಳಿಕೆಯ ಬಾಯಿ ಎಷ್ಟು ಜಾಗದ ಮಳೆಯನ್ನು ಕೂಡಿಸುತ್ತದೆ, ಬಾಟಲಿ ಅದನ್ನು ಎಷ್ಟು ಇಕ್ಕಟ್ಟಾದ ಜಾಗಕ್ಕೆ ತುಂಬುತ್ತದೆ ಎಂದು ಎರಡು ವೃತ್ತಗಳ ಕ್ಷೇತ್ರಫಲ ತೆಗೆದರು. ಭಾಗಿಸಿ ನೋಡಿದರೆ ಅವನ ಅಂಕಿಯೂ ಉಳಿದವರ ಹತ್ತಿರಕ್ಕೆ ಬಂತು. ಸಣ್ಣ ಮಳೆಯನ್ನು ಹಿಗ್ಗಿಸಿ ತೋರಿಸಲು ಹವಾಮಾನ ಕೇಂದ್ರಗಳ ಮಳೆಮಾಪಕಗಳಲ್ಲಿ ಬಳಸುವುದೂ ಇದೇ ಉಪಾಯ. ವೃತ್ತದ ಕ್ಷೇತ್ರಫಲ ಯಾತಕ್ಕೆ ಬೇಕು ಎಂದು ಆಮೇಲೆ ಯಾರೂ ಕೇಳಲಿಲ್ಲ.

ಒಂದು ಮಿಲಿಮೀಟರ್ ಮಳೆ ಎಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು. ಈ ಒಂದು ಮಾತು ತಿಳಿದರೆ ಮಕ್ಕಳು ಎಲ್ಲಿಗೆ ಬೇಕಾದರೂ ಹೋಗುತ್ತಾರೆ. ನಮ್ಮ ತರಗತಿಯ ಚಾವಣಿ ಸುಮಾರು 50 ಚದರ ಮೀಟರ್. 20 ಮಿ.ಮೀ. ಮಳೆ ಬಿದ್ದರೆ 1,000 ಲೀಟರ್, ಅಂದರೆ ಚಾವಣಿಯ ಮೇಲಿನ ಸಿಂಟೆಕ್ಸ್ ಟ್ಯಾಂಕು ಒಂದು ತುಂಬಿತು. ಬೇಸಿಗೆಯಲ್ಲಿ ಕೊಡ ಹೊತ್ತು ಬೋರ್‌ವೆಲ್ಲಿನ ಮುಂದೆ ಸರತಿ ನಿಲ್ಲುವ ಹುಡುಗಿಯರು ಈ ಲೆಕ್ಕವನ್ನು ಎರಡೆರಡು ಸಲ ಮಾಡಿ ನೋಡಿದರು.

ಮಾಡುವವರಿಗೆ ಮೂರು ಸೂಚನೆ. ತಂಪು ಪಾನೀಯದ ಬಾಟಲಿಯ ತಳ ಉಬ್ಬುತಗ್ಗು, ಆದ್ದರಿಂದ ಹರಳು ಹಾಕಿ, ಗೋಡೆ ನೇರವಾಗುವವರೆಗೆ ನೀರು ತುಂಬಿ, ಅಲ್ಲಿಗೆ ಸೊನ್ನೆಯ ಗೆರೆ ಎಳೆಯಬೇಕು. ಮರ, ಗೋಡೆಗಳಿಂದ ಅವುಗಳ ಎತ್ತರದ ಎರಡರಷ್ಟಾದರೂ ದೂರ ಇಡಬೇಕು. ಬಾಯಿ ನೆಲದಿಂದ ಒಂದಡಿಯಷ್ಟು ಮೇಲಿರಲಿ, ಇಲ್ಲದಿದ್ದರೆ ನೆಲದ ನೀರು ಸಿಡಿದು ಒಳಗೆ ಬೀಳುತ್ತದೆ.

3. ಪತ್ರಿಕೆ ನೋಡಿ ಮಕ್ಕಳ ಅಂಕಿ ತಿದ್ದಬಾರದು

ಇದು ನನಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ ಪಾಠ. ಸೆಪ್ಟೆಂಬರಿನ ಕೊನೆಯಲ್ಲಿ ಒಂದು ಸಂಜೆ ಗುಡುಗು ಮಳೆ ಹೊಡೆಯಿತು. ಮರುದಿನ ಮಕ್ಕಳ ವಹಿಯಲ್ಲಿ 31 ಮಿ.ಮೀ. ಇತ್ತು. ಪತ್ರಿಕೆಯಲ್ಲಿ ನಮ್ಮ ತಾಲೂಕಿನ ಹೆಸರಿನ ಮುಂದೆ 12 ಎಂದಿತ್ತು. ನಾನು ಯೋಚಿಸದೆ ಕೆಂಪು ಪೆನ್ನಿನಲ್ಲಿ 31 ಹೊಡೆದುಹಾಕಿ 12 ಬರೆದೆ. ಆರನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು: "ಅಕ್ಕೋರ, ಹಂಗಾರ ನಾವ್ಯಾಕ ದಿನಾ ಅಳೀಬೇಕ್ರಿ? ಪೇಪರ್ ತರಿಸಿದ್ರ ಸಾಕಲ್ರಿ?"

ಅವಳು ಅಧಿಕಪ್ರಸಂಗ ಮಾಡಲಿಲ್ಲ, ನಿಜವಾಗಿಯೂ ತಿಳಿಯಬೇಕೆಂದು ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಕಣ್ಣಾರೆ ನೋಡಿದ್ದಕ್ಕಿಂತ ಅಚ್ಚಾದದ್ದು ಹೆಚ್ಚು ಎಂದು ನಾನು ಹೇಳಿಕೊಟ್ಟಿದ್ದೆ, ಅದೂ ವಿಜ್ಞಾನದ ತಾಸಿನಲ್ಲಿ. ಅಂದು ಸಂಜೆ ಊರಿನ ಹಿರಿಯರೊಬ್ಬರ ಹತ್ತಿರ ಇದನ್ನು ಹೇಳಿದೆ. "ಈ ಮಳಿಗಳು ಹಂಗ ಇರ್ತಾವ್ರಿ. ಎತ್ತಿನ ಒಂದು ಕೋಡು ತೊಯ್ದರ ಇನ್ನೊಂದು ತೊಯ್ಯಂಗಿಲ್ಲ" ಅಂದರು. ಎರಡೂ ಅಂಕಿ ಸರಿಯಿರಬಹುದು ಎಂದು ನನಗೆ ಹೊಳೆದದ್ದು ಆಗ. ತಾಲೂಕಿನ ಮಾಪಕ ಇರುವುದು ತಾಲೂಕು ಸ್ಥಳದಲ್ಲಿ, ನಮ್ಮದು ನಮ್ಮೂರಲ್ಲಿ.

ಮಾರನೇ ದಿನ ಮಕ್ಕಳ ಮುಂದೆ 12ಕ್ಕೆ ಗೆರೆ ಹೊಡೆದು 31 ಮತ್ತೆ ಬರೆದೆ, ಪತ್ರಿಕೆಯ ಅಂಕಿಗೆ ಬೇರೆ ಕಾಲಮ್ಮು ಎಳೆದೆ. ಆಮೇಲೆ ಊರಿನ ನಾಲ್ಕೂ ದಿಕ್ಕಿನ ಮನೆಗಳಲ್ಲಿ ಬಾಟಲಿ ಇಟ್ಟೆವು. ಜುಲೈ ತಿಂಗಳ ಜಿಟಿಜಿಟಿ ಮಳೆಯಲ್ಲಿ ಎಲ್ಲ ಬಾಟಲಿಗಳೂ ಹತ್ತಿರ ಹತ್ತಿರದ ಅಂಕಿ ಕೊಟ್ಟವು. ಗುಡುಗು ಮಳೆಗಳಲ್ಲಿ ಮಾತ್ರ ಹೊಲದ ಮನೆಗೂ ಊರ ಮನೆಗೂ ಹೊಂದಾಣಿಕೆಯೇ ಇಲ್ಲ. ಮುಂಗಾರಿನ ಮೋಡ ಅರಬ್ಬಿ ಸಮುದ್ರದ ಗಾಳಿಯೊಂದಿಗೆ ಘಟ್ಟ ಹತ್ತಿ ಬಂದು ಊರೂರುಗಳನ್ನು ಒಟ್ಟಿಗೇ ಮುಚ್ಚುತ್ತದೆ. ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದ ಗುಡುಗು ಮೋಡ ಎತ್ತರಕ್ಕೆ ಬೆಳೆದರೂ ಹರಡುವುದು ಕೆಲವೇ ಕಿಲೋಮೀಟರ್. ಪುಸ್ತಕದಲ್ಲಿ ಎರಡು ಬೇರೆ ಬೇರೆ ಅಧ್ಯಾಯಗಳಲ್ಲಿದ್ದ ಸಂಗತಿಯನ್ನು ಮಕ್ಕಳು ತಮ್ಮ ಊರಿನ ನಕ್ಷೆಯ ಮೇಲೆ ಕಂಡರು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿಗೊಂದರಂತೆ ತಾನೇ ಅಂಕಿ ಕಳಿಸುವ ಮಳೆಮಾಪಕ ಏಕೆ ಹಾಕಿತು ಎನ್ನುವುದನ್ನು ನಾನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ಎಲ್ಲ ಅಂಕಿಯೂ ಸರಿಯೆಂದಲ್ಲ. ಒಂದು ಮನೆಯ ಬಾಟಲಿ ಸದಾ ಹೆಚ್ಚು ತೋರಿಸುತ್ತಿತ್ತು. ಹೋಗಿ ನೋಡಿದರೆ ಸೂರಿನ ಕೆಳಗಿತ್ತು. ಅದನ್ನೂ ಅಳಿಸಲಿಲ್ಲ. ಪಕ್ಕದಲ್ಲಿ "ಸೂರಿನ ನೀರು ಬಿದ್ದಿರಬಹುದು" ಎಂದು ಬರೆಸಿದೆ. ನಮ್ಮ ವಹಿಯಲ್ಲಿ ಪೆನ್ಸಿಲ್ಲಿಗೂ ರಬ್ಬರಿಗೂ ಜಾಗವಿಲ್ಲ. ತಪ್ಪಿದರೆ ಒಂದು ಗೆರೆ ಹೊಡೆದು, ಕೆಳಗಿನ ಅಂಕಿ ಕಾಣುವಂತೆಯೇ ಬಿಟ್ಟು, ಪಕ್ಕಕ್ಕೆ ಕಾರಣ ಬರೆಯಬೇಕು.

4. ಸೊನ್ನೆಯೂ ನೋಡಿ ಬರೆದದ್ದೇ

ಮಳೆ ಇಲ್ಲದ ದಿನ ಮಕ್ಕಳು ಕಾಲಮ್ಮು ಖಾಲಿ ಬಿಡುತ್ತಿದ್ದರು. ನಾನೂ ಸುಮ್ಮನಿದ್ದೆ. ತಿಂಗಳ ಕೊನೆಗೆ ನೋಡಿದರೆ, ಖಾಲಿ ಇದ್ದ ದಿನ ಮಳೆ ಬಂದಿರಲಿಲ್ಲವೋ, ಯಾರೂ ನೋಡಿರಲಿಲ್ಲವೋ ಹೇಳುವ ದಾರಿಯೇ ಇರಲಿಲ್ಲ. ಈಗ ನೋಡಿ ನೀರಿಲ್ಲದಿದ್ದರೆ 0, ನೋಡದಿದ್ದರೆ ಅಡ್ಡಗೆರೆ. ಆಗಸ್ಟಿನಲ್ಲಿ ಮಳೆ ಕೈಕೊಟ್ಟಾಗ ಮಕ್ಕಳು ಸೊನ್ನೆಗಳನ್ನು ಎಣಿಸಿ ಎಷ್ಟು ದಿನವಾಯಿತೆಂದು ಮನೆಯಲ್ಲಿ ಹೇಳುತ್ತಾರೆ. ಗೋವಿನಜೋಳ ಬಾಡುತ್ತಿರುವ ಮನೆಯಲ್ಲಿ ಆ ಲೆಕ್ಕಕ್ಕೆ ಬೆಲೆ ಇದೆ.

ಇಂಥದೇ ಒಣ ವಾರದಲ್ಲಿ ಒಬ್ಬ ಹುಡುಗ "-3" ಎಂದು ಬರೆದ. ಮಳೆ ಸೊನ್ನೆಗಿಂತ ಕಡಿಮೆ ಆಗುವುದಿಲ್ಲ, ಸರಿಯಾಗಿ ನೋಡು ಎಂದು ಗದರಿದೆ. ಅವನು ಬಾಟಲಿಯನ್ನೇ ತಂದು ಮೇಜಿನ ಮೇಲಿಟ್ಟ. ಹರಳಿನ ಮೇಲೆ ನಾವು ತುಂಬಿದ್ದ ನೀರು ಸೊನ್ನೆಯ ಗೆರೆಗಿಂತ ಕೆಳಗಿಳಿದಿತ್ತು. ಬಿಸಿಲಿಗೆ ಆರಿಹೋಗಿತ್ತು. ಅವನು ಕಂಡದ್ದನ್ನೇ ಬರೆದಿದ್ದ. ಆ ದಿನದಿಂದ ಬಾಟಲಿಯ ಪಕ್ಕದಲ್ಲಿ ತೆರೆದ ಡಬ್ಬಿಯೊಂದರಲ್ಲಿ ನೀರಿಟ್ಟು ದಿನಕ್ಕೆ ಎಷ್ಟು ಆರುತ್ತದೆ ಎಂದು ಅಳೆಯತೊಡಗಿದೆವು. ಹವಾಮಾನ ಕೇಂದ್ರಗಳಲ್ಲೂ ಇದಕ್ಕೆಂದೇ ಅಗಲದ ಲೋಹದ ತೊಟ್ಟಿ ಇಡುತ್ತಾರೆ ಎಂದು ನನಗೆ ಗೊತ್ತಾದದ್ದು ಬಹಳ ತಡವಾಗಿ. ಮಳೆಮಾಪಕದಲ್ಲಿ ಈ ತೊಂದರೆ ಬೇಡವೆಂದರೆ ದಿನಾ ಅಂಕಿ ಬರೆದ ಕೂಡಲೇ ನೀರನ್ನು ಸೊನ್ನೆಯ ಗೆರೆಗೆ ತರಬೇಕು.

5. ಉಷ್ಣಮಾಪಕಕ್ಕೆ ನೆರಳು ಬೇಕು

ಏಪ್ರಿಲ್ಲಿನಲ್ಲಿ ನಮ್ಮ ಶಾಲೆಯ ಫಲಕದ ಮೇಲೆ "ಇಂದಿನ ಉಷ್ಣಾಂಶ 47 ಡಿಗ್ರಿ" ಎಂದು ಬರೆದಿದ್ದೆವು. ಉಷ್ಣಮಾಪಕವನ್ನು ಪಡುವಣ ಗೋಡೆಗೆ, ಬಿಸಿಲಿಗೆ ನೇತುಹಾಕಿದ್ದೆ. ಅದು ಅಳೆಯುತ್ತಿದ್ದುದು ಗಾಳಿಯ ಬಿಸಿಯನ್ನಲ್ಲ, ಬಿಸಿಲಿಗೆ ಕಾದ ತನ್ನದೇ ಗಾಜನ್ನೂ ಗೋಡೆಯನ್ನೂ. ಗಾಳಿ ಆಡುವ ನೆರಳಿಗೆ ಒಯ್ದಾಗ ಅಂಕಿ ಸರಸರ ಇಳಿಯಿತು. ಹವಾಮಾನ ಕೇಂದ್ರಗಳಲ್ಲಿ ಉಷ್ಣಮಾಪಕ ಇರುವುದು ಜಾಲರಿ ಹಲಗೆಯ ಬಿಳಿ ಪೆಟ್ಟಿಗೆಯೊಳಗೆ, ನೆಲದಿಂದ ಸುಮಾರು ನಾಲ್ಕಡಿ ಮೇಲೆ. ಅದನ್ನು ರೂಪಿಸಿದ ಥಾಮಸ್ ಸ್ಟೀವನ್‌ಸನ್ ದೀಪಸ್ತಂಭಗಳನ್ನು ಕಟ್ಟುತ್ತಿದ್ದ ಸ್ಕಾಟ್ಲೆಂಡಿನ ಎಂಜಿನಿಯರ್.

ಎರಡು ಉಷ್ಣಮಾಪಕ ತಂದಾಗ ಒಂದಕ್ಕೊಂದು ಒಂದು ಡಿಗ್ರಿ ವ್ಯತ್ಯಾಸ ಬಂತು. ಯಾವುದು ಸರಿ ಎಂದು ಮಕ್ಕಳು ಕೇಳಿದರು. ಕರಗುತ್ತಿರುವ ಮಂಜುಗಡ್ಡೆಯಲ್ಲಿ ಎರಡನ್ನೂ ಅದ್ದಿ, ಯಾವುದು ಸೊನ್ನೆಯ ಹತ್ತಿರ ನಿಲ್ಲುತ್ತದೆ ನೋಡಿ ಎಂದೆ. ಆ ತಾಸಿನಲ್ಲಿ ಅಣ್ಣಾ ಮಣಿಯವರ ಕತೆ ಹೇಳುತ್ತೇನೆ. 1918ರಲ್ಲಿ ಕೇರಳದ ಪೀರುಮೇಡಿನಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ದುಡಿದು, 1948ರಲ್ಲಿ ಹವಾಮಾನ ಇಲಾಖೆ ಸೇರಿದವರು. ಹೊರದೇಶದಿಂದ ತರಿಸುತ್ತಿದ್ದ ಹವಾಮಾನ ಉಪಕರಣಗಳು ನಮ್ಮಲ್ಲೇ ತಯಾರಾಗುವಂತೆ, ಒಂದರ ಅಳತೆ ಇನ್ನೊಂದಕ್ಕೆ ತಾಳೆಯಾಗುವಂತೆ ನೋಡಿಕೊಂಡವರು. ಉಪಕರಣ ಹೇಳಿದ್ದನ್ನೂ ಪರೀಕ್ಷಿಸಬೇಕು ಎನ್ನುವುದಕ್ಕೇ ಒಬ್ಬರು ಬಾಳು ಸವೆಸಬಹುದು ಎನ್ನುವುದು ಹೆಣ್ಣುಮಕ್ಕಳಿಗೆ, ಗಂಡುಮಕ್ಕಳಿಗೆ ಇಬ್ಬರಿಗೂ ಗೊತ್ತಾಗಲಿ.

ಜ್ವರ ನೋಡುವ ಥರ್ಮಾಮೀಟರು ಈ ಕೆಲಸಕ್ಕೆ ಬಾರದು. ಪಾದರಸದ್ದನ್ನಂತೂ ಮಕ್ಕಳ ಕೈಗೆ ಕೊಡಲೇಬೇಡಿ.

6. ಅಜ್ಜನ ಮಳೆ ಲೆಕ್ಕ ತರಗತಿಯ ಒಳಗೆ ಬರಲಿ

"ಮಿರಗ ಕೂಡೇತ್ರಿ ಅಕ್ಕೋರ, ಇನ್ನ ಮಳಿ ಹಿಡಿತೈತಿ" ಎಂದು ಒಬ್ಬ ಹುಡುಗ ಅಂದಾಗ, ಅದೆಲ್ಲ ನಂಬಿಕೆ, ವಿಜ್ಞಾನ ಅಲ್ಲ ಅಂದುಬಿಟ್ಟೆ. ಅವನು ಆಮೇಲೆ ಬಹಳ ದಿನ ತರಗತಿಯಲ್ಲಿ ಬಾಯಿ ಬಿಡಲಿಲ್ಲ. ಅವನ ಅಜ್ಜ ಕಲಿಸಿದ್ದನ್ನು ನಾನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದೆ, ಅದೇನೆಂದು ತಿಳಿದುಕೊಳ್ಳದೆಯೇ.

ತಿಳಿದುಕೊಂಡಾಗ ಕಂಡದ್ದು ಸೂರ್ಯನ ಲೆಕ್ಕ. 27 ನಕ್ಷತ್ರಗಳಲ್ಲಿ ಸೂರ್ಯ ಒಂದೊಂದರಲ್ಲಿ 13–14 ದಿನ ಇರುತ್ತಾನೆ. ಅದಕ್ಕೇ ಮಿರಗ ಪ್ರತಿವರ್ಷ ಜೂನ್ 7–8ರ ಸುಮಾರಿಗೇ ಕೂಡುತ್ತದೆ, ಯುಗಾದಿಯ ಹಾಗೆ ಹಿಂದೆಮುಂದೆ ಆಗುವುದಿಲ್ಲ. ರೈತನಿಗೆ ಬಿತ್ತಲು, ಹರಗಲು ಹದಿನೈದು ದಿನದ ತುಂಡುಗಳು ತಿಂಗಳಿಗಿಂತ ಹೆಚ್ಚು ಅನುಕೂಲ. ಈಗ ನಮ್ಮ ವಹಿಯಲ್ಲಿ ತಾರೀಖಿನ ಪಕ್ಕ ಮಳೆಯ ಹೆಸರೂ ಇದೆ. ರೋಹಿಣಿ ಇಷ್ಟು, ಮಿರಗ ಇಷ್ಟು, ಆರಿದ್ರಾ ಇಷ್ಟು ಎಂದು ಮಕ್ಕಳು ಕೂಡಿಸಿ ಮನೆಗೆ ಒಯ್ಯುತ್ತಾರೆ. ಗಾದೆಗಳನ್ನೂ ಸಂಗ್ರಹಿಸುತ್ತಾರೆ. ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಎನ್ನುವುದನ್ನು ಪರೀಕ್ಷಿಸಲು ಎಷ್ಟು ವರ್ಷದ ವಹಿ ಬೇಕು ಎಂಬ ಚರ್ಚೆ ಬಂತು. ಹವಾಮಾನದ ಸರಾಸರಿಗೆ ಸಾಮಾನ್ಯವಾಗಿ 30 ವರ್ಷದ ಅಂಕಿ ತೆಗೆದುಕೊಳ್ಳುತ್ತಾರೆ ಎಂದೆ. ಒಬ್ಬ ಹುಡುಗಿ ತನ್ನ ವಯಸ್ಸಿಗೆ 30 ಕೂಡಿಸಿ, ಅಷ್ಟರವರೆಗೆ ನಾನೇ ಬರೀತೀನಿ ಅಂದಳು.

ರೈತರ ಅಳತೆಯೂ ನಮಗೆ ದಕ್ಕಿತು. ಅವರು ಮಿಲಿಮೀಟರ್ ಹೇಳುವುದಿಲ್ಲ, "ಗೇಣು ಹಸಿ ಇಳಿದೈತಿ" ಅನ್ನುತ್ತಾರೆ. ಮಳೆಯ ಮಾರನೇ ದಿನ ಗುದ್ದಲಿಯಿಂದ ನೆಲ ಅಗೆದು, ಒದ್ದೆ ಮಣ್ಣು ಎಲ್ಲಿಯವರೆಗಿದೆ ಎಂದು ಸ್ಕೇಲು ಹಿಡಿದು ನೋಡಿದೆವು. ಮೇಲಿನ ಕಪ್ಪು ಮಣ್ಣು ಬೆರಳಿಗೆ ಅಂಟುತ್ತಿತ್ತು. ಒಂದು ಮಟ್ಟಕ್ಕೆ ಬಂದ ಕೂಡಲೇ ಬಣ್ಣ ತಿಳಿಯಾಗಿ, ಹೆಂಟೆ ಒಡೆದರೆ ಪುಡಿಯಾಗುತ್ತಿತ್ತು. ಆ ಗೆರೆ ಚಾಕುವಿನಿಂದ ಕೊಯ್ದಷ್ಟು ಸ್ಪಷ್ಟ. ಅಷ್ಟೇ ಮಳೆಗೆ ಮಸಾರಿ ಹೊಲದಲ್ಲಿ ಹಸಿ ಇನ್ನೂ ಆಳಕ್ಕೆ ಇಳಿದಿತ್ತು. ಎರೆ ಮಣ್ಣು ನೀರನ್ನು ಮೇಲೆಯೇ ಹೆಚ್ಚು ಹಿಡಿದಿಡುತ್ತದೆ. ಮಳೆ ನಿಂತ ಮೇಲೂ ಎರೆ ಹೊಲದಲ್ಲಿ ಕಡಲೆ, ಜೋಳ ಬೆಳೆಯುವುದು ಈ ಗುಣದಿಂದಲೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಅವರು ಪಾವಗಡದ ಕಡೆಯ ಶೇಂಗಾ ಬೆಳೆಗೆ ಯಾವ ಹೊತ್ತಿನ ಬಿತ್ತಿಗೆ ಒಳ್ಳೆಯದು ಎಂದು ಅಧ್ಯಯನ ಮಾಡಿದಾಗ ರೈತರ ಅನುಭವವನ್ನೂ ಜೊತೆಗಿಟ್ಟುಕೊಂಡೇ ಕೆಲಸ ಮಾಡಿದರು. ಅಷ್ಟು ದೊಡ್ಡ ವಿಜ್ಞಾನಿಗೆ ರೈತರ ಮಾತು ಬೇಕಾಗಿತ್ತು ಎಂದಮೇಲೆ ನಮಗೆ ಬೇಡವೇ?

7. ಉತ್ತರ ಹೇಳುವ ಮೊದಲು ನಾನೂ ತಲೆ ಎತ್ತಿ ನೋಡಬೇಕು

ಜುಲೈ ತಿಂಗಳು, ಮಳೆ ಬಿಡುವು ಕೊಟ್ಟಿತ್ತು. ಕೆಳಗಿನ ಮೋಡಗಳು ಹರಿದು ಅಲ್ಲಲ್ಲಿ ನೀಲಿ ಕಾಣುತ್ತಿತ್ತು. ಒಬ್ಬಳು ಬಂದು, "ಕೆಳಗಿನ ಮೋಡ ಆ ಕಡೆ ಹೊಂಟಾವ್ರಿ, ಮ್ಯಾಲಿನ ಬಿಳಿ ಮೋಡ ಈ ಕಡೆ ಬರಾಕತ್ತಾವು" ಅಂದಳು. ಬಸ್ಸಿನಲ್ಲಿ ಕೂತಾಗ ಗಿಡಗಳು ಹಿಂದೆ ಓಡಿದಂತೆ ಕಾಣುವುದಿಲ್ಲವೇ, ಇದೂ ಹಾಗೆಯೇ, ಕಣ್ಣಿನ ಭ್ರಮೆ ಅಂದೆ. ನೋಡದೆಯೇ ಅಂದೆ.

ಅವಳು ಒಪ್ಪಲಿಲ್ಲ. ಧ್ವಜಸ್ತಂಭದ ಬುಡದಲ್ಲಿ ನಿಂತು, ಕಂಬದ ತುದಿಯನ್ನು ಗುರುತಾಗಿ ಇಟ್ಟುಕೊಂಡು ತಲೆ ಎತ್ತಿ ನೋಡತೊಡಗಿದಳು. ಗೆಳತಿಯರೂ ಸೇರಿದರು. ಕಡೆಗೆ ನಾನೂ ಹೋಗಿ ನಿಂತೆ. ಕಂಬ ಅಲುಗುವುದಿಲ್ಲ, ಭ್ರಮೆಗೆ ಜಾಗವಿಲ್ಲ. ಬೂದು ಮೋಡದ ತುಣುಕುಗಳು ಪಡುವಣದಿಂದ ಮೂಡಣಕ್ಕೆ ಕಂಬವನ್ನು ದಾಟಿ ಹೋದವು. ಅವುಗಳ ಸಂದಿನಲ್ಲಿ, ಬಹಳ ಮೇಲೆ, ಬಿಳಿ ಎಳೆಗಳು ನಿಧಾನವಾಗಿ ಮೂಡಣದಿಂದ ಪಡುವಣಕ್ಕೆ ಸರಿಯುತ್ತಿದ್ದವು. ಅವಳು ಹೇಳಿದ್ದು ಅಕ್ಷರಶಃ ನಿಜ.

ಓದಿ ತಿಳಿದೆ. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ, ಸುಮಾರು 14–16 ಕಿಲೋಮೀಟರ್ ಎತ್ತರದಲ್ಲಿ, ಪೂರ್ವದಿಂದ ಪಶ್ಚಿಮಕ್ಕೆ ರಭಸದ ಗಾಳಿಯ ಹೊನಲು ಹರಿಯುತ್ತದೆ. ಅದನ್ನು 1958ರಲ್ಲಿ ಜಗತ್ತಿಗೆ ವಿವರಿಸಿದವರು ನಮ್ಮದೇ ಹವಾಮಾನ ವಿಜ್ಞಾನಿ ಪಿ. ಕೋಟೇಶ್ವರಂ. ಕೆಳಗೆ ಸಮುದ್ರದಿಂದ ನೆಲಕ್ಕೆ ಬರುವ ಗಾಳಿ, ಮೇಲೆ ಅದಕ್ಕೆ ಎದುರು ದಿಕ್ಕಿನದು, ಎರಡೂ ಒಂದೇ ಮುಂಗಾರಿನ ಭಾಗ. ಇಷ್ಟನ್ನು ಆ ಹುಡುಗಿ ಅಂಗಳದಲ್ಲಿ ನಿಂತು ಕಂಡಿದ್ದಳು. ತರಗತಿಯ ಮುಂದೆ ಅವಳ ಕ್ಷಮೆ ಕೇಳಿದೆ. ಮೋಡದ ಬಗ್ಗೆ ಯಾರು ಏನೇ ಹೇಳಿದರೂ ಈಗ ಮೊದಲು ಕಂಬದ ಹತ್ತಿರ ಹೋಗುತ್ತೇವೆ.

8. ಗುಡುಗಿದರೆ ಎಲ್ಲರೂ ಒಳಗೆ

ಮಿಂಚು ಕಂಡಾಗಿನಿಂದ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರದಲ್ಲಿದೆ ಎಂದು ಸಿಗುತ್ತದೆ. ಮಕ್ಕಳಿಗೆ ಬಹಳ ಇಷ್ಟವಾದ ಲೆಕ್ಕ. ಅದನ್ನು ಮಾಡಿಸಲು ಒಂದು ಸಲ ಅವರನ್ನು ತೆರೆದ ಪಡಸಾಲೆಯಲ್ಲಿ ನಿಲ್ಲಿಸಿದ್ದೆ. ಏನೂ ಆಗಲಿಲ್ಲ, ಆದರೆ ನೆನೆದರೆ ಇವತ್ತಿಗೂ ಎದೆ ನಡುಗುತ್ತದೆ. ಹೊಲದಲ್ಲಿ ಸಿಡಿಲು ಬಡಿದು ಸತ್ತವರ ಸುದ್ದಿ ಪ್ರತಿ ಬೇಸಿಗೆಯಲ್ಲೂ ಓದುತ್ತೇವೆ. ಈಗ ಎಣಿಕೆ ಮುಚ್ಚಿದ ಕೋಣೆಯ ಕಿಟಕಿಯಿಂದ ದೂರ ಕೂತು. ಎಣಿಕೆ ಮೂವತ್ತಕ್ಕಿಂತ ಕಡಿಮೆ ಬಂದರೆ ಅಪಾಯ ಹತ್ತಿರವಿದೆ ಎಂದು ಅರ್ಥ. ಕೊನೆಯ ಗುಡುಗಿನ ನಂತರ ಅರ್ಧ ತಾಸು ಯಾರೂ ಹೊರಗೆ ಹೋಗುವಂತಿಲ್ಲ, ಮರದ ಕೆಳಗಂತೂ ಎಂದೂ ನಿಲ್ಲುವಂತಿಲ್ಲ. ಬಾಟಲಿಯ ನೀರು ಎಲ್ಲಿಗೂ ಓಡಿಹೋಗುವುದಿಲ್ಲ. ಈ ನಿಯಮವನ್ನು ಮಕ್ಕಳು ಮನೆಯವರಿಗೂ ಹೇಳಬೇಕೆಂದು ಪಟ್ಟು ಹಿಡಿಯುತ್ತೇನೆ.

9. ಮುನ್ಸೂಚನೆಯ ಆಟದಲ್ಲಿ ಗೆದ್ದವನನ್ನು ಬೈಯಬಾರದು

ವಹಿ ಎರಡನೇ ವರ್ಷಕ್ಕೆ ಕಾಲಿಟ್ಟ ಮೇಲೆ "ನಾಳೆ ಮಳೆ ಬರುತ್ತದೆಯೇ" ಎಂಬ ಆಟ ಶುರು ಮಾಡಿದೆ. ಹವಾಮಾನ ಇಲಾಖೆ 2.5 ಮಿ.ಮೀ. ಅಥವಾ ಅದಕ್ಕಿಂತ ಹೆಚ್ಚು ಬಿದ್ದರೆ ಮಾತ್ರ ಮಳೆಯ ದಿನ ಎಂದು ಎಣಿಸುತ್ತದೆ. ನಾವೂ ಅದನ್ನೇ ಇಟ್ಟುಕೊಂಡೆವು. ಪ್ರತಿಯೊಬ್ಬರೂ ಸಂಜೆ ಹೌದು ಅಥವಾ ಇಲ್ಲ ಬರೆದು ಚೀಟಿ ಹಾಕಬೇಕು. ಒಬ್ಬ ಹುಡುಗ ಆಕಾಶವನ್ನೇ ನೋಡದೆ, ಇವತ್ತು ಬಂದಿದ್ದರೆ ನಾಳೆಯೂ ಹೌದು, ಇವತ್ತು ಇಲ್ಲದಿದ್ದರೆ ನಾಳೆಯೂ ಇಲ್ಲ ಎಂದು ಬರೆಯುತ್ತಾ ಹೋದ. ಎಲ್ಲರಿಗಿಂತ ಹೆಚ್ಚು ಅಂಕ ಅವನಿಗೇ ಬಂತು. ಮೋಸ ಮಾಡುತ್ತೀಯಾ ಎಂದು ಬೈದೆ. ಉಳಿದ ಮಕ್ಕಳೂ ಅವನ ಮೇಲೆ ಹರಿಹಾಯ್ದರು.

ಹವಾಮಾನ ವಿಜ್ಞಾನಿಗಳು ಇದನ್ನೇ ಒರೆಗಲ್ಲಾಗಿ ಬಳಸುತ್ತಾರೆ ಎಂದು ಆಮೇಲೆ ತಿಳಿಯಿತು. ಯಾವ ಮುನ್ಸೂಚನೆಯೇ ಆಗಲಿ "ಇವತ್ತಿನಂತೆಯೇ ನಾಳೆ" ಅನ್ನುವುದಕ್ಕಿಂತ ಚೆನ್ನಾಗಿರಬೇಕು, ಇಲ್ಲದಿದ್ದರೆ ಅದರಲ್ಲಿ ಹುರುಳಿಲ್ಲ. ಹನ್ನೊಂದು ವರ್ಷದ ಹುಡುಗ ಅದನ್ನು ತಾನೇ ಕಂಡುಕೊಂಡಿದ್ದ. ನಾನು ಅವನನ್ನು ಗದರಿಸಿ ಕೂರಿಸಿದ್ದೆ. ಮರುದಿನ ಅವನ ವಿಧಾನವನ್ನು ಅವನಿಂದಲೇ ಕರಿಹಲಗೆಯ ಮೇಲೆ ಬರೆಸಿದೆ. ಅವನ ಅಂಕ ದಾಟಿದವರದ್ದಷ್ಟೇ ಮುನ್ಸೂಚನೆ ಎಂದು ನಿಯಮ ಮಾಡಿದೆವು.

ಅಂದಿನಿಂದ ಆಟದ ಬಣ್ಣವೇ ಬೇರೆಯಾಯಿತು. ಕಲಘಟಗಿಯ ಜುಲೈಯಲ್ಲಿ, ಡಿಸೆಂಬರಿನ ಒಣ ದಿನಗಳಲ್ಲಿ ಅವನನ್ನು ಸೋಲಿಸಲು ಆಗುವುದೇ ಇಲ್ಲ ಎಂದು ಮಕ್ಕಳು ಬೇಗ ಕಂಡುಕೊಂಡರು. ಮಳೆ ಶುರುವಾಗುವ ವಾರ, ನಿಲ್ಲುವ ವಾರ, ಹಿಂಗಾರಿನ ಗುಡುಗು ಮಳೆಯ ದಿನಗಳಲ್ಲಿ ಮಾತ್ರ ಅವನು ಸೋಲುತ್ತಾನೆ. ಹಾಗಾದರೆ ಬದಲಾವಣೆಯ ಹಿಂದಿನ ಸಂಜೆ ಏನು ಕಾಣುತ್ತದೆ? ಇದನ್ನು ಹುಡುಕಲು ಅವರೇ ವಹಿಗೆ ಹೊಸ ಕಾಲಮ್ಮು ಎಳೆದರು. ಕೆಳಗಿನ ಮೋಡ ಯಾವ ದಿಕ್ಕಿಗೆ, ಮೇಲಿನದು ಯಾವ ದಿಕ್ಕಿಗೆ, ಒಗೆದ ಬಟ್ಟೆ ಸಂಜೆಯೊಳಗೆ ಆರಿತೋ ಇಲ್ಲವೋ ಎಂದೆಲ್ಲ ಬರೆಯುತ್ತಿದ್ದಾರೆ. ಮೊದಲ ವರ್ಷ ನಾನು ಹೇರಿದ್ದ ಕಾಲಮ್ಮುಗಳಲ್ಲಿ ಕೆಲವು ಈ ದಾರಿಯಿಂದ ವಾಪಸು ಬಂದಿವೆ. ಈ ಸಲ ಅವನ್ನು ಶನಿವಾರ ಕೂತು ಯಾರೂ ತುಂಬುತ್ತಿಲ್ಲ. ಆ ಹುಡುಗನ ಅಂಕವನ್ನು ಇಡೀ ವರ್ಷದ ಲೆಕ್ಕದಲ್ಲಿ ದಾಟಿದವರು ಇನ್ನೂ ಇಲ್ಲ. ಆದರೆ ಕಳೆದ ಅಕ್ಟೋಬರಿನಲ್ಲಿ ಏಳನೇ ತರಗತಿಯ ಇಬ್ಬರು ಹುಡುಗಿಯರು ಅವನಿಗಿಂತ ಮುಂದಿದ್ದರು, ಮತ್ತು ಹೇಗೆ ಎಂದು ವಿವರಿಸಿ ಬರೆದುಕೊಡಲು ನನ್ನಿಂದ ಒಂದು ಹೊಸ ವಹಿ ಕೇಳಿ ಪಡೆದಿದ್ದಾರೆ.